ಹೊರಗುತ್ತಿಗೆ ಏಜೆನ್ಸಿ ಕಾನೂನು ಪಾಲಿಸುತ್ತಿದೆಯೇ? ಬಿಲ್ಲು ಹಿಡಿದು ಕೇಳುವ ದಾರಿ

ತಾಲ್ಲೂಕು ಆಸ್ಪತ್ರೆಯಲ್ಲಿ ವಾರ್ಡ್ ಒರೆಸುವವರು, ಪುರಸಭೆಯ ಕಸದ ಆಟೋ ಓಡಿಸುವವರು, ಸರ್ಕಾರಿ ಹಾಸ್ಟೆಲಿನ ಅಡುಗೆಯವರು, ಕಚೇರಿಯ ಡೇಟಾ ಎಂಟ್ರಿ ಆಪರೇಟರ್, ಗೇಟಿನಲ್ಲಿ ನಿಂತ ಸೆಕ್ಯುರಿಟಿ. ಇವರೆಲ್ಲ ಮಾಡುವುದು ಸರ್ಕಾರದ ಕೆಲಸ. ಸಂಬಳ ಕೊಡುವುದು ಮಾತ್ರ ಏಜೆನ್ಸಿ. ಸಂಬಳ ಬರದಿದ್ದಾಗ ಕಚೇರಿಗೆ ಹೋದರೆ "ಏಜೆನ್ಸಿಯವರನ್ನು ಕೇಳಿ" ಅನ್ನುತ್ತಾರೆ. ಏಜೆನ್ಸಿಗೆ ಫೋನ್ ಮಾಡಿದರೆ "ಇನ್ನೂ ಬಿಲ್ ಆಗಿಲ್ಲ" ಅನ್ನುತ್ತಾರೆ. ಈ ಎರಡು ಬಾಗಿಲುಗಳ ನಡುವೆ ಓಡಾಡಿಯೇ ತಿಂಗಳು ಮುಗಿಯುತ್ತದೆ.

ನಾನು ಬಹಳ ವರ್ಷ ಒಂದು ಇಲಾಖೆಯ ಲೆಕ್ಕ ಶಾಖೆಯಲ್ಲಿ ಕೂತು, ಏಜೆನ್ಸಿಗಳು ಹಣಕ್ಕಾಗಿ ಕಚೇರಿಗೆ ಕೊಡುವ ಇಂಥ ಬಿಲ್ಲುಗಳನ್ನು ಪಾಸ್ ಮಾಡಿದವನು. ಅಲ್ಲಿ ನೋಡಿ ಕಲಿತದ್ದು ಒಂದೇ. ಏಜೆನ್ಸಿಯವರು ಧರಣಿಗೆ ಹೆದರುವುದು ಕಡಿಮೆ, ಕಾರ್ಮಿಕ ಇಲಾಖೆಯ ನೋಟಿಸಿಗೂ ಅಷ್ಟಕ್ಕಷ್ಟೆ. ಬಿಲ್ಲು ನಿಂತರೆ ಮಾತ್ರ ಮರುದಿನ ಬೆಳಿಗ್ಗೆ ಹತ್ತಕ್ಕೆ ಕಚೇರಿಯಲ್ಲಿರುತ್ತಾರೆ. ಆದ್ದರಿಂದ ಈ ಲೇಖನದ ಹೆಜ್ಜೆಗಳೆಲ್ಲ ಆ ಬಿಲ್ಲಿನ ಸುತ್ತಲೇ ಇವೆ. ಕಾರ್ಮಿಕರಿಗೆ, ಅವರ ಪರ ಓಡಾಡುವ ಸಂಘದವರಿಗೆ, ಸುಮ್ನೆ ನೋಡಿಕೊಂಡು ಇರಲಾಗದ ಊರಿನವರಿಗೆ ಇದು ಉಪಯೋಗಕ್ಕೆ ಬಂದೀತು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಕೆಲಸ ಕಾಯಂ ಮಾಡಿಸಿಕೊಳ್ಳುವ ದಾರಿ ಅಲ್ಲ. ಆ ಹೋರಾಟ ಬೇರೆ. ಇಲ್ಲಿರುವುದು ಈ ತಿಂಗಳ ಸಂಬಳ, ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಸರಿಯಾಗಿ ಕೈಗೆ ಬರಿಸುವ ವಿಚಾರ.

ಯಾರ ಜವಾಬ್ದಾರಿ?

"ಅವರು ನಮ್ಮ ನೌಕರರಲ್ಲ" ಎಂಬ ಉತ್ತರ ಹೊಸದಲ್ಲ. 1982ರಲ್ಲಿ ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟಕ್ಕೆ ಕಟ್ಟಡ, ಫ್ಲೈಓವರ್ ಕಟ್ಟುವಾಗ ಕೂಡ ಸರ್ಕಾರ ಇದನ್ನೇ ಹೇಳಿತ್ತು. ಆಗ ಕನಿಷ್ಠ ಕೂಲಿ ದಿನಕ್ಕೆ 9 ರೂಪಾಯಿ 25 ಪೈಸೆ. ಗುತ್ತಿಗೆದಾರರು ಅದನ್ನು ಕೂಲಿಯವರನ್ನು ಕರೆತರುವ ಜಮಾದಾರರ ಕೈಗೆ ಕೊಡುತ್ತಿದ್ದರು. ಜಮಾದಾರ ತಲೆಗೆ ಒಂದು ರೂಪಾಯಿ ಕಮಿಷನ್ ಹಿಡಿದು ಉಳಿದ 8 ರೂಪಾಯಿ 25 ಪೈಸೆ ಹಂಚುತ್ತಿದ್ದ. ಪಿಯುಡಿಆರ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದು ಕೋರ್ಟು ಹೇಳಿತು. ಕೆಲಸವನ್ನು ಗುತ್ತಿಗೆಗೆ ಕೊಟ್ಟ ಮಾತ್ರಕ್ಕೆ ಸರ್ಕಾರ ಕೈ ತೊಳೆದುಕೊಳ್ಳುವಂತಿಲ್ಲ ಎಂದೂ ಹೇಳಿತು. ಆ ಒಂದು ರೂಪಾಯಿ ಇವತ್ತೂ ಇದೆ. ರೂಪ ಬದಲಾಗಿದೆ ಅಷ್ಟೆ.

ಕಾನೂನಿನ ಭಾಷೆಯಲ್ಲಿ ಕೆಲಸ ಮಾಡಿಸಿಕೊಳ್ಳುವ ಕಚೇರಿ 'ಪ್ರಧಾನ ಉದ್ಯೋಗದಾತ'. ಏಜೆನ್ಸಿ ಸಂಬಳ ಕೊಡದಿದ್ದರೆ ಪ್ರಧಾನ ಉದ್ಯೋಗದಾತನೇ ಕೊಟ್ಟು, ಏಜೆನ್ಸಿಯ ಬಿಲ್ಲಿನಲ್ಲಿ ಹಿಡಿದುಕೊಳ್ಳಬೇಕು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ 21ನೇ ಕಲಂ ಇದನ್ನೇ ಹೇಳುತ್ತಿತ್ತು. 2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಔದ್ಯೋಗಿಕ ಸುರಕ್ಷತೆಯ ಸಂಹಿತೆಯ 55ನೇ ಕಲಂನಲ್ಲಿ ಅದೇ ಮಾತು ಮುಂದುವರಿದಿದೆ. ಒಂದು ವ್ಯತ್ಯಾಸ ನೆನಪಿಡಿ. ಹಳೆಯ ಕಾಯ್ದೆ 20 ಜನ ಇದ್ದರೆ ಅನ್ವಯವಾಗುತ್ತಿತ್ತು. ಹೊಸ ಸಂಹಿತೆಯ ಗುತ್ತಿಗೆ ಅಧ್ಯಾಯಕ್ಕೆ 50 ಜನ ಬೇಕು. "ನಮ್ಮಲ್ಲಿ 30 ಜನ ಮಾತ್ರ, ಅದು ನಮಗೆ ಬರಲ್ಲ" ಎಂದು ಯಾರಾದರೂ ಜಾರಿಕೊಂಡರೆ ವೇತನ ಸಂಹಿತೆಯ 43ನೇ ಕಲಂ ತೋರಿಸಿ. ಅಲ್ಲಿ ತಲೆ ಎಣಿಕೆ ಇಲ್ಲ. ಉದ್ಯೋಗದಾತ ಕೊಡದಿದ್ದರೆ ಆ ಸಂಸ್ಥೆಯ ಒಡೆತನ ಇರುವವರೇ ಹೊಣೆ. ಪಿಎಫ್, ಇಎಸ್‌ಐ ವಿಚಾರದಲ್ಲೂ ಕೊನೆಯ ಹೊಣೆ ಪ್ರಧಾನ ಉದ್ಯೋಗದಾತನದೇ.

ಹಾಗಾಗಿ ಅರ್ಜಿ ಬರೆಯುವಾಗ "ಏಜೆನ್ಸಿಯಿಂದ ಕೊಡಿಸಿಕೊಡಿ" ಎಂದು ಬೇಡಿಕೊಳ್ಳಬೇಡಿ. "ಪ್ರಧಾನ ಉದ್ಯೋಗದಾತರಾದ ತಾವು ಪಾವತಿಸಿ, ಏಜೆನ್ಸಿಯ ಬಿಲ್ಲಿನಲ್ಲಿ ಕಟಾಯಿಸಿಕೊಳ್ಳಿ" ಎಂದು ಬರೆಯಿರಿ. ಈ ಒಂದು ವಾಕ್ಯ ಇದ್ದರೆ ಕಡತ ಲೆಕ್ಕ ಶಾಖೆಗೆ ಬರುತ್ತದೆ. ಇಲ್ಲದಿದ್ದರೆ ಟಪಾಲಿನಲ್ಲೇ ಮಲಗುತ್ತದೆ.

ಮೊದಲ ಹೆಜ್ಜೆ: ಕೈಯಲ್ಲಿರುವ ಕಾಗದ ಜೋಡಿಸಿ

ನಿವೃತ್ತನಾದ ಮೇಲೆ ಪರಿಚಯದ ಹೆಂಗಸೊಬ್ಬರು ಮನೆಗೆ ಬಂದಿದ್ದರು. ಆಸ್ಪತ್ರೆಯೊಂದರಲ್ಲಿ ಆರು ವರ್ಷದಿಂದ ಸ್ವಚ್ಛತೆ ಕೆಲಸ. "ಅಕ್ಕಾ, ನಿಮ್ಮ ಯುಎಎನ್ ನಂಬರ್ ಇದೆಯಾ?" ಎಂದು ಕೇಳಿದೆ. "ಹಂಗಂದ್ರೆ ಏನು ಸಾರ್?" ಅಂದರು. ಆರು ವರ್ಷ ಪಿಎಫ್ ಹೆಸರಲ್ಲಿ ಹಣ ಹಿಡಿದಿದ್ದಾರೆ, ನಂಬರ್ ಏನೆಂದು ಯಾರೂ ಹೇಳಿಲ್ಲ. ಇದು ಅವರೊಬ್ಬರ ಕಥೆ ಅಲ್ಲ ಎಂದು ನಿಮಗೂ ಗೊತ್ತು.

ಯುಎಎನ್ ಎಂದರೆ ಪಿಎಫ್‌ನ 12 ಅಂಕಿಯ ಖಾಯಂ ಸಂಖ್ಯೆ. ಏಜೆನ್ಸಿ ಬದಲಾದರೂ ಇದು ಬದಲಾಗುವುದಿಲ್ಲ. ನೋಂದಾಯಿತ ಮೊಬೈಲಿನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಖಾತೆಯಲ್ಲಿರುವ ಮೊತ್ತದ ಸಂದೇಶ ಬರುತ್ತದೆ. ಬರದಿದ್ದರೆ ಒಂದೋ ಮೊಬೈಲ್ ಜೋಡಣೆ ಆಗಿಲ್ಲ, ಇಲ್ಲವೇ ಖಾತೆಯೇ ಇಲ್ಲ. ಎರಡನ್ನೂ ಬರೆದಿಟ್ಟುಕೊಳ್ಳಿ.

ಬೇರೆ ಏನೇನು ಬೇಕು? ಸಂಬಳ ಬೀಳುವ ಬ್ಯಾಂಕ್ ಪಾಸ್‌ಬುಕ್ ಎಂಟ್ರಿ ಹಾಕಿಸಿದ್ದು, ಗುರುತಿನ ಚೀಟಿ, ವೇತನ ಚೀಟಿ ಕೊಟ್ಟಿದ್ದರೆ ಅದು, ಇಎಸ್‌ಐ ನಂಬರ್, ಸೂಪರ್‌ವೈಸರ್ ಕಳಿಸಿದ ವಾಟ್ಸಾಪ್ ಮೆಸೇಜು. ಹಾಜರಿ ಪುಸ್ತಕಕ್ಕೆ ದಿನಾ ಸಹಿ ಹಾಕುವವರಾದರೆ ವಾರಕ್ಕೊಮ್ಮೆ ಆ ಪುಟದ ಫೋಟೋ ತೆಗೆದಿಡಿ. ವೇತನ ಚೀಟಿ ಕೊಡದಿರುವುದೇ ಒಂದು ತಪ್ಪು, ಅದನ್ನು ಅರ್ಜಿಯಲ್ಲಿ ಸೇರಿಸಬಹುದು. ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಕಿನ ಒಳಗೆ ಬೀಳಬೇಕು ಎಂಬುದೂ ಕಾನೂನೇ. "ಸರ್ಕಾರದಿಂದ ಅನುದಾನ ಬಂದಿಲ್ಲ" ಎಂಬುದು ಏಜೆನ್ಸಿ ಮತ್ತು ಇಲಾಖೆಯ ನಡುವಿನ ಮಾತು. ಕಾರ್ಮಿಕರ ಸಂಬಳಕ್ಕೂ ಅದಕ್ಕೂ ಸಂಬಂಧ ಇಲ್ಲ.

ಲೆಕ್ಕ ಹಾಕಿ, ಆಗ ಕಳ್ಳತನ ಕಾಣುತ್ತದೆ

ಕರ್ನಾಟಕದಲ್ಲಿ ಕನಿಷ್ಠ ವೇತನ ಕೆಲಸದ ಬಗೆ, ಕೌಶಲ್ಯ, ಊರಿನ ವಲಯ ನೋಡಿ ಬೇರೆ ಬೇರೆ. ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ಕ್ಕೆ ಬದಲಾಗುತ್ತದೆ. ಕಾರ್ಮಿಕ ಇಲಾಖೆಯ ವೆಬ್‌ಸೈಟಿನಲ್ಲಿ ದರಪಟ್ಟಿ ಸಿಗುತ್ತದೆ. ಏಪ್ರಿಲ್ ಸಂಬಳ ಮಾರ್ಚ್‌ನಷ್ಟೇ ಇದ್ದರೆ ಅಲ್ಲೇ ಒಂದು ಪ್ರಶ್ನೆ ಸಿಕ್ಕಿತು.

ಈಗ ಮುಖ್ಯವಾದ ಲೆಕ್ಕ. ಮೂಲ ವೇತನ, ತುಟ್ಟಿಭತ್ಯೆ ಸೇರಿ 15,000 ರೂಪಾಯಿ ಅಂತಿಟ್ಟುಕೊಳ್ಳಿ. ಕಾರ್ಮಿಕರ ಪಾಲಿನ ಪಿಎಫ್ ಶೇ 12, ಅಂದರೆ 1,800. ಇಎಸ್‌ಐ ಶೇ 0.75, ಅಂದರೆ 113. ವೃತ್ತಿ ತೆರಿಗೆ 25,000ದ ಒಳಗಿನ ಸಂಬಳಕ್ಕೆ ಇಲ್ಲ. ಕೈಗೆ ಬರಬೇಕಾದ್ದು 13,087 ರೂಪಾಯಿ.

ಬಹಳ ಕಡೆ ಬೀಳುವುದು ಹತ್ತೂವರೆ ಸಾವಿರದ ಆಸುಪಾಸು. ಯಾಕೆ? ಮಾಲೀಕರ ಪಾಲಿನ ಪಿಎಫ್ ಮತ್ತು ಅದರ ಜೊತೆಯ ಶುಲ್ಕ ಸೇರಿ ಶೇ 13, ಅಂದರೆ 1,950. ಮಾಲೀಕರ ಇಎಸ್‌ಐ ಶೇ 3.25, ಅಂದರೆ 488. ಒಟ್ಟು 2,438 ರೂಪಾಯಿ. ಇದನ್ನೂ ಕಾರ್ಮಿಕರ ಸಂಬಳದಲ್ಲೇ ಹಿಡಿದರೆ ಕೈಗೆ ಬರುವುದು 10,649. ಹೀಗೆ ಹಿಡಿಯುವುದು ಕಾನೂನಿಗೆ ಪೂರ್ತಿ ವಿರುದ್ಧ. ಅದಕ್ಕಿಂತ ಹೆಚ್ಚಿನ ಮೋಸ ಇನ್ನೊಂದಿದೆ. ಏಜೆನ್ಸಿ ಈ 2,438ನ್ನು ಬಿಲ್ಲಿನಲ್ಲಿ ತೋರಿಸಿ ಸರ್ಕಾರದಿಂದ ಆಗಲೇ ವಸೂಲಿ ಮಾಡಿಕೊಂಡಿರುತ್ತದೆ. ಒಂದೇ ದುಡ್ಡು ಎರಡು ಕಡೆಯಿಂದ. 40 ಜನರಿರುವ ಒಂದು ಆಸ್ಪತ್ರೆಯಲ್ಲಿ ವರ್ಷಕ್ಕೆ 11,70,240 ರೂಪಾಯಿ. ಸೇವಾ ಶುಲ್ಕ ಸೊನ್ನೆಗೆ ಹತ್ತಿರ ಕೋಟ್ ಮಾಡಿ ಟೆಂಡರ್ ಗೆಲ್ಲುವ ಏಜೆನ್ಸಿ ಬದುಕುವುದು ಹೇಗೆ ಎಂದು ನನ್ನ ಮೇಲಧಿಕಾರಿಯೊಬ್ಬರು ಆಶ್ಚರ್ಯಪಡುತ್ತಿದ್ದರು. ಹೀಗೇ ಬದುಕುವುದು ಸಾರ್.

ಇನ್ನೊಂದು ಬಗೆ ಇದೆ. ಬ್ಯಾಂಕಿಗೆ ಪೂರ್ತಿ ಸಂಬಳ ಹಾಕುತ್ತಾರೆ. ಆಮೇಲೆ ಸೂಪರ್‌ವೈಸರ್ ಬಂದು ತಲೆಗೆ ಎರಡು ಸಾವಿರ ನಗದು ವಾಪಸ್ ಕೇಳುತ್ತಾನೆ. ಕೆಲವರು ಎಟಿಎಂ ಕಾರ್ಡನ್ನೇ ಇಟ್ಟುಕೊಂಡಿರುತ್ತಾರೆ. ದಾಖಲೆಯಲ್ಲಿ ಇದು ಸಿಗುವುದಿಲ್ಲ. ಕಾರ್ಡ್ ಬ್ಲಾಕ್ ಮಾಡಿಸಿ ಹೊಸದು ತೆಗೆದುಕೊಳ್ಳುವುದು, ಹಣ ಕೇಳಿದ ಮೆಸೇಜು ಉಳಿಸಿಕೊಳ್ಳುವುದು, ಎಲ್ಲರೂ ಒಟ್ಟಿಗೆ ಇಲ್ಲ ಅನ್ನುವುದು, ಇಷ್ಟೇ ದಾರಿ. ಒಬ್ಬರೇ ಇಲ್ಲ ಅಂದರೆ ಮರುದಿನ ಕೆಲಸ ಇರುವುದಿಲ್ಲ.

ಕಚೇರಿಯೊಳಗಿನ ಕಾಗದ ಹೊರಗೆ ತರುವುದು

ಟೆಂಡರ್ ದಾಖಲೆಯಿಂದ ಶುರು ಮಾಡಿ. ರಾಜ್ಯದ ಸಾರ್ವಜನಿಕ ಖರೀದಿ 1999ರ ಪಾರದರ್ಶಕತೆ ಕಾಯ್ದೆಯ ಅಡಿ ನಡೆಯುತ್ತದೆ. ಜನ ಕೆಟಿಪಿಪಿ ಅನ್ನುವುದು ಇದನ್ನೇ. ಟೆಂಡರ್‌ಗಳು ರಾಜ್ಯದ ಆನ್‌ಲೈನ್ ಖರೀದಿ ತಾಣವಾದ ಕೆಪಿಪಿಪಿ ಪೋರ್ಟಲಿನಲ್ಲಿ ಇರುತ್ತವೆ. ಅದರಲ್ಲಿ ಷರತ್ತುಗಳ ಭಾಗ ಓದಿ. ಕನಿಷ್ಠ ವೇತನ, ಪಿಎಫ್, ಇಎಸ್‌ಐ, ಸಮವಸ್ತ್ರ, ವಾರದ ರಜೆ, ಸಂಬಳದ ತಾರೀಕು, ತಪ್ಪಿದರೆ ದಂಡ, ಭದ್ರತಾ ಠೇವಣಿ, ಕಪ್ಪುಪಟ್ಟಿ. ಇವು ಸಾಮಾನ್ಯವಾಗಿ ಚೆನ್ನಾಗಿಯೇ ಬರೆದಿರುತ್ತವೆ. ಬರೆದವರೂ ಓದಿರುವುದಿಲ್ಲ, ಅದು ಬೇರೆ ಮಾತು.

ಆಮೇಲೆ ಮಾಹಿತಿ ಹಕ್ಕು (ಆರ್‌ಟಿಐ) ಅರ್ಜಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನ ಪ್ರತಿ ಹಚ್ಚಿದರೆ ಅದೂ ಇಲ್ಲ. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಈ ನಿಯಮ ಮರೆತರೆ ಅರ್ಜಿ ವಾಪಸ್ ಕಳಿಸಲು ಅವರಿಗೊಂದು ನೆಪ ಸಿಕ್ಕಂತೆ. ನಾನು ಬರೆದುಕೊಡುವ ಒಕ್ಕಣೆ ಹೀಗಿರುತ್ತದೆ (ಇದರಲ್ಲಿ ಬರುವ ಇಸಿಆರ್ ಏನೆಂದು ಮುಂದೆ ಹೇಳುತ್ತೇನೆ):

"ತಮ್ಮ ಕಚೇರಿಗೆ ಸ್ವಚ್ಛತಾ ಸಿಬ್ಬಂದಿ ಒದಗಿಸುವ ಹೊರಗುತ್ತಿಗೆಗೆ ಸಂಬಂಧಿಸಿದಂತೆ, ಕಳೆದ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಕೆಳಗಿನ ದಾಖಲೆಗಳ ದೃಢೀಕೃತ ಪ್ರತಿ ಕೊಡಿ. 1) ಕಾರ್ಯಾದೇಶ ಮತ್ತು ಕರಾರು. 2) ಏಜೆನ್ಸಿ ಸಲ್ಲಿಸಿದ ಮಾಸಿಕ ಬಿಲ್ಲು ಹಾಗೂ ಪಾವತಿ ಆದೇಶ. 3) ಬಿಲ್ಲಿನೊಂದಿಗೆ ಬಂದ ಹಾಜರಾತಿ, ಬ್ಯಾಂಕ್ ಪಾವತಿ ಪಟ್ಟಿ, ಪಿಎಫ್ ಇಸಿಆರ್ ಮತ್ತು ಚಲನ್, ಇಎಸ್‌ಐ ಚಲನ್. 4) ಇದೇ ಅವಧಿಯಲ್ಲಿ ಏಜೆನ್ಸಿಗೆ ಕೊಟ್ಟ ನೋಟಿಸ್ ಮತ್ತು ವಿಧಿಸಿದ ದಂಡದ ವಿವರ. ವೈಯಕ್ತಿಕ ಮಾಹಿತಿಯಾದ ಆಧಾರ್, ಬ್ಯಾಂಕ್ ಖಾತೆ ಸಂಖ್ಯೆಗಳನ್ನು ಮಾಹಿತಿ ಹಕ್ಕು ಕಾಯ್ದೆಯ 10ನೇ ಕಲಂನಂತೆ ಮರೆಮಾಡಿ ಕೊಡಬಹುದು."

ಕೊನೆಯ ವಾಕ್ಯ ಯಾಕೆಂದರೆ, "ಇದು ಮೂರನೆಯವರ ಖಾಸಗಿ ಮಾಹಿತಿ" ಎಂದು ತಿರಸ್ಕರಿಸುವುದು ಈಗ ಜಾಸ್ತಿ. ಏನನ್ನು ಮರೆಮಾಡಬೇಕು ಎಂದು ನಾವೇ ಹೇಳಿಬಿಟ್ಟರೆ ಆ ಬಾಗಿಲು ಅರ್ಧ ಮುಚ್ಚುತ್ತದೆ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ. ಆಯೋಗದಲ್ಲಿ ತಡ ಆಗುತ್ತದೆ. ಆದರೆ ನಾನು ಕಂಡಂತೆ ಮೊದಲ ಮೇಲ್ಮನವಿಯ ನೋಟಿಸ್ ಬಂದ ದಿನ ಕೇಸ್ ವರ್ಕರ್ ಕಡತ ಹುಡುಕಲು ಶುರು ಮಾಡುತ್ತಾರೆ. ಅಲ್ಲಿಯವರೆಗೆ ಕಾಯಿರಿ. ಕೆಲಸದಲ್ಲಿ ಇರುವವರು ತಮ್ಮ ಹೆಸರಲ್ಲಿ ಅರ್ಜಿ ಹಾಕಬೇಡಿ. ಅಣ್ಣನೋ, ಊರಿನ ಪರಿಚಯಸ್ಥರೋ ಹಾಕಲಿ. ಯಾಕೆ ಕೇಳುತ್ತೀರಿ ಎಂದು ಕಾರಣ ಹೇಳಬೇಕಿಲ್ಲ.

ಮೂರು ಕಾಗದ ಪಕ್ಕಪಕ್ಕ ಇಡಿ

ದಾಖಲೆ ಕೈಗೆ ಬಂದ ಮೇಲೆ ನಿಜವಾದ ಕೆಲಸ. ನೆಲದ ಮೇಲೆ ಕೂತು ಒಂದು ತಿಂಗಳದ್ದನ್ನು ಮಾತ್ರ ಹರಡಿಕೊಳ್ಳಿ. ಎಲ್ಲ ತಿಂಗಳೂ ಒಟ್ಟಿಗೆ ನೋಡಿದರೆ ತಲೆ ಕೆಡುತ್ತದೆ.

ಎಡಕ್ಕೆ ಹಾಜರಾತಿ, ನಡುವೆ ಬ್ಯಾಂಕ್ ಪಟ್ಟಿ, ಬಲಕ್ಕೆ ಇಸಿಆರ್. ಇಸಿಆರ್ ಎಂದರೆ ಏಜೆನ್ಸಿ ಪಿಎಫ್ ಇಲಾಖೆಗೆ ಪ್ರತಿ ತಿಂಗಳು ಸಲ್ಲಿಸುವ ಪಟ್ಟಿ. ಯಾರ ಹೆಸರಲ್ಲಿ ಎಷ್ಟು ಸಂಬಳ ತೋರಿಸಿ ಎಷ್ಟು ಪಿಎಫ್ ಕಟ್ಟಿದ್ದಾರೆ ಎಂದು ಅದರಲ್ಲಿ ಇರುತ್ತದೆ.

ಮೊದಲು ತಲೆ ಎಣಿಸಿ. ಹಾಜರಾತಿಯಲ್ಲಿ 32 ಜನ, ಕೆಲಸಕ್ಕೆ ನಿಜವಾಗಿ ಬರುವವರು 24 ಎಂದಾದರೆ ಉಳಿದ ಎಂಟು ಯಾರು? ಇದನ್ನು ಆಸ್ಪತ್ರೆಯ ಒಳಗಿರುವವರೇ ಹೇಳಬಲ್ಲರು. ಈ ಎಂಟು ಜನರ ಕೆಲಸವನ್ನು 24 ಜನ ಹಂಚಿಕೊಂಡು ಮಾಡುತ್ತಿರುತ್ತಾರೆ, ಸೊಂಟ ನೋವು ಅನ್ನುವುದು ಅದಕ್ಕೇ.

ನಂತರ ಹೆಸರು ಹಿಡಿದು ಅಡ್ಡಕ್ಕೆ ಓದಿ. ಹಾಜರಾತಿಯಲ್ಲಿ 26 ದಿನ, ಇಸಿಆರ್‌ನಲ್ಲಿ ಹತ್ತೇ ದಿನದ ಸಂಬಳ ಇದ್ದರೆ ಪಿಎಫ್ ಕಡಿಮೆ ಕಟ್ಟಿದ್ದಾರೆ ಎಂದರ್ಥ. ಬ್ಯಾಂಕ್ ಪಟ್ಟಿಯಲ್ಲಿ ಹೆಸರಿದೆ, ಇಸಿಆರ್‌ನಲ್ಲಿ ಇಲ್ಲ ಎಂದರೆ ಖಾತೆಯನ್ನೇ ತೆರೆದಿಲ್ಲ. ನಿಮ್ಮ ಪಾಸ್‌ಬುಕ್ಕಿನ ಮೊತ್ತ ಬೇರೆ, ಏಜೆನ್ಸಿ ಕಚೇರಿಗೆ ಕೊಟ್ಟ ಪಟ್ಟಿಯ ಮೊತ್ತ ಬೇರೆ ಎಂದರೆ ಅದು ಸುಳ್ಳು ದಾಖಲೆ. ಅಂಥದ್ದು ಸಿಕ್ಕರೆ ಆ ಎರಡು ಪುಟಗಳ ಜೆರಾಕ್ಸ್ ಬೇರೆ ತೆಗೆದಿಡಿ.

ಚಲನ್ನಿನ ಮೋಸ ಸ್ವಲ್ಪ ಸೂಕ್ಷ್ಮ. ಏಜೆನ್ಸಿಗೆ ಹತ್ತು ಕಡೆ ಗುತ್ತಿಗೆ ಇದ್ದರೆ ಪಿಎಫ್ ಎಲ್ಲಕ್ಕೂ ಸೇರಿ ಒಂದೇ ಚಲನ್ನಿನಲ್ಲಿ ಕಟ್ಟಿರುತ್ತಾರೆ. ಅದೇ ಚಲನ್ನನ್ನು ಹತ್ತೂ ಕಚೇರಿಗೆ ಕೊಡುತ್ತಾರೆ. ಮೊತ್ತ ದೊಡ್ಡದಾಗಿ ಕಾಣುತ್ತದೆ, ಗುಮಾಸ್ತ ಸಮಾಧಾನದಿಂದ ಪಾಸ್ ಮಾಡುತ್ತಾನೆ. ನಾನೂ ಮಾಡಿದ್ದೇನೆ, ಸುಳ್ಳು ಹೇಳಲ್ಲ. ಅದರಲ್ಲಿ ನಮ್ಮ ಕಚೇರಿಯವರ ಹೆಸರು ಇದೆಯೋ ಇಲ್ಲವೋ ಎಂದು ಇಸಿಆರ್ ತೆಗೆಸಿ ನೋಡಲು ಶುರು ಮಾಡಿದ್ದು ಬಹಳ ತಡವಾಗಿ.

ಆರ್‌ಟಿಐ ಉತ್ತರ ಬರುವ ಮೊದಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಪಿಎಫ್ ಇಲಾಖೆಯಾದ ಇಪಿಎಫ್‌ಒ ವೆಬ್‌ಸೈಟಿನಲ್ಲಿ ಸಂಸ್ಥೆಯ ಹೆಸರು ಹಾಕಿ ಹುಡುಕುವ ಸೌಲಭ್ಯ ಎಲ್ಲರಿಗೂ ತೆರೆದಿದೆ. ಲಾಗಿನ್ ಬೇಡ. ಏಜೆನ್ಸಿ ಯಾವ ತಿಂಗಳಿಗೆ, ಯಾವ ದಿನ, ಎಷ್ಟು ಜನರಿಗೆ, ಎಷ್ಟು ಕಟ್ಟಿದೆ ಎಂದು ಅಲ್ಲಿ ಕಾಣುತ್ತದೆ. ಮುಂದಿನ ತಿಂಗಳ 15ರ ಒಳಗೆ ಕಟ್ಟಬೇಕು. ನಿಮ್ಮ ಜಿಲ್ಲೆಯಲ್ಲೇ ಇನ್ನೂರು ಜನರನ್ನು ಇಟ್ಟುಕೊಂಡ ಏಜೆನ್ಸಿ ಒಟ್ಟು 60 ಜನರಿಗೆ ಪಿಎಫ್ ಕಟ್ಟಿದ್ದರೆ ಹೆಚ್ಚೇನೂ ಹೇಳಬೇಕಿಲ್ಲ, ಅಲ್ವಾ?

ದೂರು ಬರೆಯುವುದು, ಕೊಡುವುದು

ಮೊದಲ ಪತ್ರ ಬಿಲ್ಲಿಗೆ ಸಹಿ ಹಾಕುವ ಅಧಿಕಾರಿಗೆ. ಆಸ್ಪತ್ರೆಯಾದರೆ ಆಡಳಿತ ವೈದ್ಯಾಧಿಕಾರಿ, ಪುರಸಭೆಯಾದರೆ ಮುಖ್ಯಾಧಿಕಾರಿ, ಹಾಸ್ಟೆಲ್ ಆದರೆ ಇಲಾಖೆಯ ತಾಲ್ಲೂಕು ಅಥವಾ ಜಿಲ್ಲಾ ಅಧಿಕಾರಿ. ಕಥೆ ಬೇಡ. ಯಾವ ತಿಂಗಳು, ಎಷ್ಟು ಜನ, ಬರಬೇಕಾದ್ದು, ಬಂದದ್ದು, ವ್ಯತ್ಯಾಸ ಎಂದು ಒಂದು ಕೋಷ್ಟಕ. ಕೆಳಗೆ ಮೂರು ಬೇಡಿಕೆ: ಬಾಕಿ ಪಾವತಿಸಿ ಬಿಲ್ಲಿನಲ್ಲಿ ಹಿಡಿಯಿರಿ, ಪಿಎಫ್ ಮತ್ತು ಇಎಸ್‌ಐ ದಾಖಲೆ ತಾಳೆಯಾಗುವವರೆಗೆ ಮುಂದಿನ ಬಿಲ್ಲಿನ ಸೇವಾ ಶುಲ್ಕ ತಡೆಹಿಡಿಯಿರಿ, ಕರಾರಿನ ದಂಡದ ಷರತ್ತು ಜಾರಿ ಮಾಡಿ.

ಇಲ್ಲಿ ಎಚ್ಚರ. ಪೂರ್ತಿ ಬಿಲ್ಲು ತಡೆಯಿರಿ ಎಂದು ಬರೆದರೆ ಏಜೆನ್ಸಿ ಆ ತಿಂಗಳ ಸಂಬಳವನ್ನೇ ನಿಲ್ಲಿಸಿ, "ನಿಮ್ಮವರೇ ತಡೆದರು" ಎಂದು ಕಾರ್ಮಿಕರ ನಡುವೆ ಜಗಳ ಹಚ್ಚುತ್ತದೆ. ಸಂಬಳದ ಭಾಗ ಬಿಟ್ಟು ಉಳಿದದ್ದನ್ನು ತಡೆಯಲು ಕೇಳಬೇಕು.

ಟಪಾಲಿನಲ್ಲಿ ಕೊಟ್ಟು ಸೀಲು, ತಾರೀಕು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಸೀಲು ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್. ಪ್ರತಿಗಳನ್ನು ಜಿಲ್ಲಾ ಕಾರ್ಮಿಕ ಅಧಿಕಾರಿಗೆ, ಪ್ರಾದೇಶಿಕ ಪಿಎಫ್ ಆಯುಕ್ತರಿಗೆ ಕಳಿಸಿ. ಲೆಕ್ಕಪರಿಶೋಧನೆ ಮಾಡುವವರಿಗೂ ಒಂದು ಪ್ರತಿ ಎಂದು ಕೆಳಗೆ ಬರೆದು ನಿಜವಾಗಿಯೂ ಕಳಿಸಿ. ಆಡಿಟ್ ಆಕ್ಷೇಪಣೆ ಬಂದರೆ ಬಿಲ್ಲಿಗೆ ಸಹಿ ಹಾಕಿದವರು ಉತ್ತರ ಕೊಡಬೇಕು, ಕೆಲವೊಮ್ಮೆ ತಮ್ಮ ಜೇಬಿನಿಂದ ಕಟ್ಟಬೇಕು. ಆ ಭಯ ದೊಡ್ಡದು. ಸಹಿಗಳು ಗುಂಪಾಗಿ ಇರಲಿ, ಸಂಘ ಇದ್ದರೆ ಸಂಘದ ಲೆಟರ್‌ಹೆಡ್‌ನಲ್ಲೇ ಹೋಗಲಿ.

ರೈಲ್ವೆ, ವಿಮಾನ ನಿಲ್ದಾಣ, ಕೇಂದ್ರ ಸರ್ಕಾರದ ಕಚೇರಿಗಳಾದರೆ ರಾಜ್ಯದ ಕಾರ್ಮಿಕ ಅಧಿಕಾರಿಗೆ ಅಧಿಕಾರ ಇಲ್ಲ. ಕೇಂದ್ರದ ಪ್ರಾದೇಶಿಕ ಕಾರ್ಮಿಕ ಆಯುಕ್ತರ ಬಳಿ ಹೋಗಬೇಕು. ಇದು ಗೊತ್ತಿಲ್ಲದೆ ಆರು ತಿಂಗಳು ತಪ್ಪು ಕಚೇರಿಗೆ ಅಲೆದವರನ್ನು ನೋಡಿದ್ದೇನೆ.

ಉತ್ತರವೇ ಬರದಿದ್ದರೆ

ಬಾಕಿ ವೇತನಕ್ಕೆ ಕಾರ್ಮಿಕ ಇಲಾಖೆಯ ಪ್ರಾಧಿಕಾರದ ಮುಂದೆ ಕ್ಲೇಮು ಹಾಕಬಹುದು, ಮೂರು ವರ್ಷದೊಳಗೆ. ಏಜೆನ್ಸಿ, ಕಚೇರಿ ಎರಡನ್ನೂ ಎದುರುದಾರರನ್ನಾಗಿ ಮಾಡಿ. ಕಾರ್ಮಿಕರ ಪಾಲಿನ ಪಿಎಫ್ ಹಿಡಿದು ಕಟ್ಟದಿದ್ದರೆ ಅದು ನಂಬಿಕೆ ದ್ರೋಹದ ಅಪರಾಧ, ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಂ. ಅಧಿಕಾರಿಯೇ ಶಾಮೀಲಾಗಿದ್ದಾರೆ ಎಂಬುದಕ್ಕೆ ಕಾಗದ ಇದ್ದರೆ ಲೋಕಾಯುಕ್ತ. ಅಲ್ಲಿ ದೂರಿನ ನಮೂನೆಯ ಜೊತೆ ಪ್ರಮಾಣಪತ್ರ ಬೇಕು. ಬರೀ ಅನುಮಾನ ಹಿಡಿದು ಹೋಗಬೇಡಿ. ವಕೀಲರಿಗೆ ದುಡ್ಡಿಲ್ಲ ಎಂದು ಸುಮ್ಮನಾಗಬೇಕಿಲ್ಲ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತ ವಕೀಲರನ್ನು ಕೊಡುತ್ತದೆ. ಸಹಾಯವಾಣಿ 15100.

ಮ್ಯಾನ್‌ಹೋಲ್ ಇಳಿಸುವ ಕೆಲಸದ್ದು ಬೇರೆಯೇ ದಾರಿ. ಅಲ್ಲಿ ಮೂರು ಕಾಗದ, ತಾಳೆ ಎಂದೆಲ್ಲ ಕಾಯಬೇಡಿ. ಯಂತ್ರ, ಸುರಕ್ಷಾ ಸಾಮಗ್ರಿ ಇಲ್ಲದೆ ಒಳಗೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯಂತೆ ಅಪರಾಧ. ಕಂಡ ಕೂಡಲೇ ಫೋಟೋ ತೆಗೆದು 112ಕ್ಕೆ ಕರೆ ಮಾಡಿ. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಇಂಥ ಸಾವಿಗೆ ಪರಿಹಾರವನ್ನು 30 ಲಕ್ಷ ರೂಪಾಯಿಗೆ ಏರಿಸಿತು. ಹೊರಗುತ್ತಿಗೆಯಲ್ಲಿ ಹೀಗಾದರೆ ಗುತ್ತಿಗೆ ರದ್ದು ಮಾಡುವ ವ್ಯವಸ್ಥೆ ಇರಬೇಕು ಎಂದೂ ಹೇಳಿತು.

ಇನ್ನು ಕೊನೆಯ ಒಂದು ತಾರೀಕು. ಕರಾರು ಮುಗಿಯುವ ದಿನ ಯಾವುದು ಎಂದು ಕಾರ್ಯಾದೇಶದಲ್ಲಿ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಗುತ್ತಿಗೆ ಮುಗಿದ ಮೇಲೆ ಏಜೆನ್ಸಿ ತನ್ನ ಭದ್ರತಾ ಠೇವಣಿ ವಾಪಸ್ ಕೇಳುತ್ತದೆ. ಅದು ಹೋಯಿತೆಂದರೆ ಹಿಡಿಯಲು ಕಚೇರಿಯ ಕೈಯಲ್ಲಿ ಏನೂ ಉಳಿಯುವುದಿಲ್ಲ, ಏಜೆನ್ಸಿಯೂ ಇನ್ನೊಂದು ಹೆಸರಲ್ಲಿ ಇನ್ನೊಂದು ಜಿಲ್ಲೆಯಲ್ಲಿರುತ್ತದೆ. ಆ ದಿನಕ್ಕೆ ಒಂದು ತಿಂಗಳು ಮೊದಲೇ, "ಬಾಕಿ ತೀರುವವರೆಗೆ ಭದ್ರತಾ ಠೇವಣಿ ಬಿಡುಗಡೆ ಮಾಡಬಾರದು" ಎಂಬ ಒಂದು ಪುಟದ ಆಕ್ಷೇಪಣೆ ಕೊಟ್ಟು ಸೀಲು ಹಾಕಿಸಿಕೊಂಡು ಬನ್ನಿ.